ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸಂಕಷ್ಟ ಪರಿಹಾರ

ಬರ, ಅತಿವೃಷ್ಟಿ, ಸಾಂಕ್ರಾಮಿಕ, ಜಾತಿ ಹಿಂಸೆ, ಬೆಲೆ ಕುಸಿತ. ಇವುಗಳಲ್ಲಿ ಯಾವುದಾದರೊಂದು ಮನೆಬಾಗಿಲಿಗೆ ಬಂದಾಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಕುಟುಂಬಗಳಿಗೆ ಸಿಕ್ಕ, ಸಿಗುತ್ತಿರುವ ಮತ್ತು ಸಿಗದೇ ಹೋದ ನೆರವು ಈ ಲೇಖನದ ವಿಷಯ. ಕೋಲಾರ ಜಿಲ್ಲೆಯನ್ನು ಒಡೆದು 2007ರಲ್ಲಿ ರಚಿಸಿದ ಚಿಕ್ಕಬಳ್ಳಾಪುರ ಜಿಲ್ಲೆಗೆ ಈ ನಾಲ್ಕರ ಜೊತೆ ಬಾಗೇಪಲ್ಲಿ, ಗುಡಿಬಂಡೆ ಸೇರಿದ್ದವು. ಚೇಳೂರು ಮತ್ತು ಮಂಚೇನಹಳ್ಳಿ ಆಮೇಲೆ ಬಂದ ತಾಲ್ಲೂಕುಗಳು. 2011ರ ಜನಗಣತಿಯಂತೆ ಜನಸಂಖ್ಯೆ 12.55 ಲಕ್ಷ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಎರಡರಲ್ಲೂ ಸಾಲ ಎಂಬ ಮಾತು ಈ ಗಡಿಸೀಮೆಗೆ ಸಲ್ಲುತ್ತದೆ.

ಇಲ್ಲಿ ನೆರವು ಹಸಿವನ್ನು ನೋಡಿ ನೇರವಾಗಿ ಬಂದದ್ದು ಕಡಿಮೆ. ಯಾವುದೋ ಒಂದು ಗುರುತನ್ನು ಕೇಳಿಕೊಂಡು ಬಂದದ್ದೇ ಹೆಚ್ಚು. 1877ರ ಕ್ಷಾಮದಲ್ಲಿ ಜಲ್ಲಿ ಒಡೆಯುವ ತ್ರಾಣವೇ ಆ ಗುರುತು. ಈಗ ಪಹಣಿ, ಆಧಾರ್ ಮತ್ತು ರೈತರ ನೋಂದಣಿ ಸಂಖ್ಯೆಯಾದ ಎಫ್‌ಐಡಿ. ಗುರುತು ಇದ್ದವನಿಗೆ ತಡವಾಗಿಯಾದರೂ ಹಣ ಬರುತ್ತದೆ. ಇಲ್ಲದವನ ಪಾಲಿಗೆ ಬರವೇ ಘೋಷಣೆಯಾಗಿಲ್ಲ.

ಸೀಮೆಯ ಸ್ವಭಾವ

ನಂದಿ ಬೆಟ್ಟದ ಸಾಲು ಐದು ನದಿಗಳ ತವರೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ. ಹುಟ್ಟುವುದಷ್ಟೇ ಇಲ್ಲಿ, ಮೈದುಂಬುವುದು ಆಂಧ್ರದಲ್ಲೋ ತಮಿಳುನಾಡಿನಲ್ಲೋ. ವರ್ಷವಿಡೀ ಹರಿಯುವ ಒಂದು ನದಿಯೂ ಜಿಲ್ಲೆಯಲ್ಲಿಲ್ಲ. ವಾರ್ಷಿಕ ಮಳೆ 700 ಮಿಲಿಮೀಟರಿನ ಆಚೀಚೆ, ಅದೂ ಬಹುಪಾಲು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ. ಆ ಮೂರು ತಿಂಗಳು ಕೈಕೊಟ್ಟರೆ ರಾಗಿ, ನೆಲಗಡಲೆ, ತೊಗರಿ, ಅವರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ಹಳಬರು ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡಿದ್ದರು. ನೆಲದೊಳಗೆ ಹಗೇವು ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ ಮುಚ್ಚುತ್ತಿದ್ದರು. ರಾಗಿಗೆ ಹುಳು ಬೀಳುವುದು ಕಡಿಮೆ. ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಒಂದು ವರ್ಷದ ಬರವನ್ನು ಹಗೇವು ತಡೆಯುತ್ತಿತ್ತು, ಎರಡನೆಯ ವರ್ಷಕ್ಕೆ ತಳ ಕಾಣುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಲೆಕ್ಕ ಬದಲಾಯಿತು. ದ್ರಾಕ್ಷಿ, ಟೊಮೆಟೊ, ಗುಲಾಬಿ, ಸೇವಂತಿಗೆ, ಹಿಪ್ಪುನೇರಳೆ ಬಂದವು, ಕೈಗೆ ಕಾಸು ಬಂತು, ಅದರ ಜೊತೆಗೇ ಸಾವಿರದಿನ್ನೂರು ಅಡಿ ಕೊರೆದರೂ ದೂಳು ಹಾರುವ ಬೋರ್‌ವೆಲ್ಲುಗಳೂ ಬಂದವು. ಇಲ್ಲಿ ಕುಟುಂಬವೊಂದು ಮುಳುಗುವುದಕ್ಕೆ ಬರವೇ ಬೇಕೆಂದಿಲ್ಲ. ಸಾಲ ಮಾಡಿ ಕೊರೆಸಿದ ಎರಡು ಬೋರು ಒಂದರ ಹಿಂದೊಂದು ಫೇಲಾದರೆ ಸಾಕು.

ಧಾತು ಈಶ್ವರ ಕ್ಷಾಮ

1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಜನ ಸಂವತ್ಸರಗಳ ಹೆಸರಿನಿಂದ, ಧಾತು ಈಶ್ವರ ಬರ ಎಂದು ಕರೆದರು. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1871ರ ಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ಸಹಜವಾಗಿ ಬೆಳೆಯಬೇಕಿದ್ದ ಸಂಖ್ಯೆ ಎಂಟೂ ಮುಕ್ಕಾಲು ಲಕ್ಷದಷ್ಟು ಕುಗ್ಗಿತ್ತು. ಪೂರ್ವದ ಬಯಲು ಜಿಲ್ಲೆಗಳಿಗೆ, ಅವುಗಳಲ್ಲಿ ಕೋಲಾರಕ್ಕೂ, ಹೊಡೆತ ಹೆಚ್ಚು.

ಸರ್ಕಾರದ ನೆರವು ಎರಡು ಬಗೆಯದಾಗಿತ್ತು. ಕೈಕಾಲಲ್ಲಿ ಶಕ್ತಿ ಇದ್ದವರಿಗೆ ಕೂಲಿ ಕೆಲಸ: ರಸ್ತೆ, ಕೆರೆ ಹೂಳು, ಜಲ್ಲಿ, ರೈಲುಹಾದಿಯ ಮಣ್ಣು. ಬೆಂಗಳೂರು–ಮೈಸೂರು ರೈಲುಮಾರ್ಗದ ಕೆಲಸ ಹೀಗೆ ಬರಗಾಮಗಾರಿಯಾಗಿಯೇ ಮುಂದುವರಿಯಿತು. ಶಕ್ತಿ ಇಲ್ಲದವರಿಗೆ ಗಂಜಿ ಕೇಂದ್ರ, ಶಿಬಿರ. ಮದ್ರಾಸ್ ಪ್ರಾಂತದಲ್ಲಿ ರಿಚರ್ಡ್ ಟೆಂಪಲ್ ದಿನದ ಕೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಅದರ ಮೇಲೊಂದಷ್ಟು ಚಿಲ್ಲರೆಗೆ ಇಳಿಸಿದ್ದು ಆ ಕಾಲದಲ್ಲೇ ವಿವಾದವಾಯಿತು. ದುಡಿಯುವ ಗಂಡಸಿಗೆ ಅಷ್ಟರಲ್ಲಿ ಜೀವ ಹಿಡಿಯುವುದು ಕಷ್ಟವೆಂದು ವೈದ್ಯರೇ ಹೇಳಿದರು. 1877ರಲ್ಲಿ ಚಾರ್ಲ್ಸ್ ಎಲಿಯಟ್ ಮೈಸೂರಿಗೆ ಕ್ಷಾಮ ಕಮಿಷನರ್ ಆಗಿ ಬಂದಮೇಲೆ ಆಡಳಿತಕ್ಕೆ ಒಂದು ಬಿಗಿ ಬಂತು, ಆದರೆ ಅಷ್ಟರಲ್ಲಿ ಸಾಯಬೇಕಾದವರಲ್ಲಿ ಬಹಳ ಮಂದಿ ಸತ್ತಿದ್ದರು. ಲಂಡನ್ನಿನ ಮ್ಯಾನ್ಷನ್ ಹೌಸ್ ನಿಧಿಗೆ ಇಂಗ್ಲೆಂಡಿನ ಜನ ಕೊಟ್ಟ ಚಂದಾ ಹಣ ದಕ್ಷಿಣ ಭಾರತಕ್ಕೆ ಬಂದದ್ದೂ ಇದೇ ವರ್ಷ. ದೂರದೇಶದ ದಾನಿ, ಇಲ್ಲಿನ ಹಸಿದ ಮನೆ, ನಡುವೆ ಒಂದು ಸಮಿತಿ: ಈ ಏರ್ಪಾಡು ದಕ್ಷಿಣದ ಹಳ್ಳಿಗಳ ಮಟ್ಟಿಗೆ ಅಷ್ಟು ಹಳೆಯದು.

1880ರ ಕ್ಷಾಮ ಆಯೋಗ, ಅದರ ಬೆನ್ನಿಗೆ ಬಂದ ಕ್ಷಾಮ ಸಂಹಿತೆಗಳು ಈ ಅನುಭವದ ಫಲ. ಮೊದಲು ಕೆಲಸ, ಆಮೇಲೆ ಕೂಳು ಎಂಬ ಅವುಗಳ ತತ್ವ ಇಂದಿನ ಉದ್ಯೋಗ ಖಾತರಿಯವರೆಗೂ ನಡೆದುಬಂದಿದೆ.

ಗುಂಡು ಮತ್ತು ಬೆಂಕಿ

ಪ್ರಕೃತಿಯ ಕೈವಾಡವಿಲ್ಲದ ಎರಡು ಘಟನೆಗಳನ್ನು ಇಲ್ಲಿ ಹೇಳಲೇಬೇಕು.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಎಂಬುದು ಜನರಲ್ಲಿ ಉಳಿದ ಲೆಕ್ಕ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. ವೇಪಾ ರಾಮೇಶಂ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂತಿತು. ಸರ್ದಾರ್ ಪಟೇಲ್ ಮತ್ತು ಕೃಪಲಾನಿ ಬಂದು ಮಾತುಕತೆ ನಡೆಸಿ ಧ್ವಜದ ಪ್ರಶ್ನೆಗೆ ರಾಜಿಯಾಯಿತು. ಸ್ತೂಪ, ವೀರಸೌಧ ಆಮೇಲೆ ಎದ್ದವು. ಸ್ಮಾರಕಕ್ಕೆ ಸಿಕ್ಕಷ್ಟು ಗಮನ ಸತ್ತವರ ಮನೆಗಳಿಗೆ ಸಿಕ್ಕಿತೆಂದು ಹೇಳಲು ನಾಲಿಗೆ ಹೊರಳುವುದಿಲ್ಲ.

ಎರಡನೆಯದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಬದುಕುಳಿದ ಮನೆಮಂದಿ ಊರು ಬಿಟ್ಟು ಚಿಂತಾಮಣಿ ಪಟ್ಟಣ ಸೇರಿದರು. ಸರ್ಕಾರ ಪರಿಹಾರ, ಪುನರ್ವಸತಿ ಒದಗಿಸಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳು ಪರಿಹಾರವನ್ನು ದಾನವೆಂದು ಕಾಣುವುದಿಲ್ಲ, ಸಂತ್ರಸ್ತರ ಹಕ್ಕೆಂದು ಕಾಣುತ್ತವೆ. 2016ರ ತಿದ್ದುಪಡಿಯ ನಂತರ ಕೊಲೆ ಪ್ರಕರಣದಲ್ಲಿ ಕುಟುಂಬಕ್ಕೆ 8.25 ಲಕ್ಷ ರೂಪಾಯಿ. ಅರ್ಧ ಮರಣೋತ್ತರ ಪರೀಕ್ಷೆಯ ಬಳಿಕ, ಅರ್ಧ ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ. ಮನೆ ಕೊಡಬಹುದು, ಹಣ ಕೊಡಬಹುದು. ಬಿಟ್ಟುಬಂದ ಊರಿನಲ್ಲಿ ಮತ್ತೆ ತಲೆಯೆತ್ತಿ ನಡೆಯುವ ಧೈರ್ಯ ಯಾವ ನಿಯಮದ ಅನುಸೂಚಿಯಲ್ಲೂ ಇಲ್ಲ, ಆದ್ದರಿಂದ ಕಂಬಾಲಪಲ್ಲಿಯ ಕಥೆ ಪುನರ್ವಸತಿಯ ಕಥೆಯಾಗಿ ಅರ್ಧವೇ.

ಬರದ ಲೆಕ್ಕ

ಬರ ಬಿದ್ದಿದೆ ಎಂದು ರೈತನಿಗೆ ಗೊತ್ತಾಗುವುದಕ್ಕೂ ಸರ್ಕಾರಕ್ಕೆ ಗೊತ್ತಾಗುವುದಕ್ಕೂ ನಡುವೆ ಕೆಲವು ತಿಂಗಳು ಇರುತ್ತವೆ. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಮೊದಲು ಮಳೆ ಕೊರತೆ ಅಥವಾ ಸತತ ಒಣ ವಾರಗಳನ್ನು ನೋಡಬೇಕು. ಆಮೇಲೆ ಬಿತ್ತನೆ ಪ್ರಮಾಣ, ಉಪಗ್ರಹದ ಹಸಿರು ಸೂಚ್ಯಂಕ, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲ. ಕೊನೆಗೆ ತಾಲ್ಲೂಕಿನ ಶೇ 10ರಷ್ಟು ಹಳ್ಳಿಗಳಿಗೆ ಹೋಗಿ ಪ್ರತಿ ಮುಖ್ಯ ಬೆಳೆಗೆ ಐದು ಹೊಲ ನೋಡಿ ಸತ್ಯ ಪರಿಶೀಲನೆ. ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 1988ರಲ್ಲೇ ಬರ ನಿಗಾ ಕೋಶ ಸ್ಥಾಪಿಸಿದ ರಾಜ್ಯ ಇದು. ಅದೇ ಬೆಳೆದು ಈಗಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ. ಕೊರತೆ ಇರುವುದು ಅಳತೆಯಲ್ಲಲ್ಲ, ಹಣದಲ್ಲಿ.

2023ರ ಬರ ಇದಕ್ಕೆ ತಾಜಾ ಉದಾಹರಣೆ. ಸೆಪ್ಟೆಂಬರ್ 13ರಂದು ರಾಜ್ಯ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು, ಆ ಸಂಖ್ಯೆ ಕೊನೆಗೆ 223ಕ್ಕೆ ಏರಿತು. ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯಿಂದ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಕೇಂದ್ರದ ತಂಡ ಬಂದು ನೋಡಿ ಹೋಯಿತು, ತಿಂಗಳುಗಳು ಕಳೆದವು. ಹೊಸ ವರ್ಷದ ಆರಂಭದಲ್ಲಿ ರಾಜ್ಯವೇ ತನ್ನ ಖಜಾನೆಯಿಂದ ರೈತರಿಗೆ ಗರಿಷ್ಠ 2,000 ರೂಪಾಯಿಯಂತೆ ಮಧ್ಯಂತರ ಪರಿಹಾರ ಹಾಕಿತು. ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2024ರ ಏಪ್ರಿಲ್ ಕೊನೆಗೆ 3,454 ಕೋಟಿ ಬಿಡುಗಡೆಯಾಯಿತು, ಕೇಳಿದ್ದರ ಐದರಲ್ಲಿ ಒಂದು ಪಾಲಿಗೂ ಕಡಿಮೆ. ಮೊದಲು ಕೊಟ್ಟ 2,000 ಕಳೆದು ಉಳಿದದ್ದು ರೈತರ ಖಾತೆಗೆ ಹೋಯಿತು. ಮುಂದಿನ ಬಿತ್ತನೆಗೆ ಹೊಲ ಉಳುವ ಹೊತ್ತಿಗೆ ಹಿಂದಿನ ಬೆಳೆಯ ಪರಿಹಾರ ಕೈಗೆ ಬಂತು.

ಮೊತ್ತವನ್ನು ಹೊಲಕ್ಕೆ ಇಳಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 2022ರಿಂದ ಜಾರಿಯಲ್ಲಿದ್ದ ದರದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಎರಡು ಹೆಕ್ಟೇರಿನ ಮಿತಿ. ಹಿಪ್ಪುನೇರಳೆಗೆ 6,000. ಅಂದರೆ ರಾಗಿ ಒಣಗಿದ ಒಂದು ಎಕರೆಗೆ ಸುಮಾರು 3,440 ರೂಪಾಯಿ. ಟ್ರ್ಯಾಕ್ಟರಿನ ಉಳುಮೆ, ಬೀಜ, ಗೊಬ್ಬರ, ಕಳೆ ಕೀಳಿಸಿದ ಕೂಲಿ ಇಷ್ಟನ್ನು ಬಲ್ಲ ಯಾರೂ ಇದನ್ನು ನಷ್ಟಭರ್ತಿ ಎನ್ನುವುದಿಲ್ಲ. ಸರ್ಕಾರವೂ ಎನ್ನುವುದಿಲ್ಲ, ಕಡತದಲ್ಲಿ ಇದರ ಹೆಸರು ಇನ್‌ಪುಟ್ ಸಬ್ಸಿಡಿ.

ಹಣ ಬಂದ ವಾರ ಯಾವುದೇ ಪಂಚಾಯಿತಿ ಕಚೇರಿಯ ಮುಂದೆ ನಿಂತರೆ ಉಳಿದದ್ದು ಕಾಣುತ್ತದೆ. ಗೋಡೆಗೆ ಅಂಟಿಸಿದ ಪಟ್ಟಿ: ಸರ್ವೆ ನಂಬರು, ಹೆಸರು, ವಿಸ್ತೀರ್ಣ, ಮೊತ್ತ. ಬೆರಳಿಟ್ಟು ಹುಡುಕುವವರ ಗುಂಪು. ಒಬ್ಬರಿಗೆ ಎರಡೂವರೆ ಎಕರೆ ಇದ್ದರೂ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶಕ್ಕೆ ಹತ್ತಿದ್ದು ಒಂದೇ ಸರ್ವೆ ನಂಬರು, ಬಂದದ್ದು ಅಷ್ಟರದ್ದೇ. ಇನ್ನೊಬ್ಬರ ಹಣ ಬ್ಯಾಂಕಿನವರೆಗೆ ಹೋಗಿ ಆಧಾರ್ ಜೋಡಣೆ ಇಲ್ಲವೆಂದು ವಾಪಸಾಗಿದೆ. ಮೂರನೆಯವರದು ಇಲ್ಲಿ ಅತ್ಯಂತ ಸಾಮಾನ್ಯವಾದ ಪ್ರಕರಣ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಿದ್ದಾರೆ, ಪೌತಿ ಖಾತೆ ಆಗಿಲ್ಲ. ಬೆಳೆ ಒಣಗಿದ್ದು ಮೊಮ್ಮಕ್ಕಳದು, ಪರಿಹಾರಕ್ಕೆ ಅರ್ಹ ತಾತ. ಗ್ರಾಮ ಲೆಕ್ಕಿಗ ಏನು ತಾನೇ ಮಾಡಿಯಾನು, ತಂತ್ರಾಂಶಕ್ಕೆ ಸತ್ತವರ ಹೆಬ್ಬೆಟ್ಟು ಬೇಕು. ಇನ್ನು ಬೇರೆಯವರ ಹೊಲವನ್ನು ವಾರಕ್ಕೋ ಗುತ್ತಿಗೆಗೋ ಮಾಡುವವರು ಈ ಗೋಡೆಯ ಹತ್ತಿರ ಬರುವುದೇ ಇಲ್ಲ. ಬೆಂಗಳೂರಿನಲ್ಲಿರುವ ಭೂಮಾಲೀಕನ ಮೊಬೈಲಿಗೆ ಸಂದೇಶ ಹೋಗಿರುತ್ತದೆ.

ಇಷ್ಟೆಲ್ಲದರ ನಡುವೆ ಮನೆ ನಡೆಸುವುದು ಹಸು. ಹದಿನೈದು ದಿನಕ್ಕೊಮ್ಮೆ ಡೇರಿಯ ಬಟವಾಡೆ ಬರುತ್ತದೆ, ಅದರಲ್ಲಿ ಅಂಗಡಿ ಸಾಲ ತೀರುತ್ತದೆ. ಕೋಲಾರ–ಚಿಕ್ಕಬಳ್ಳಾಪುರ ಹಾಲು ಒಕ್ಕೂಟ, ಅಂದರೆ ಕೋಚಿಮುಲ್, ಈ ಸೀಮೆಯ ಎಲ್ಲ ಪರಿಹಾರ ಯೋಜನೆಗಳಿಗಿಂತ ದೊಡ್ಡ ಪರಿಹಾರ ಸಂಸ್ಥೆಯಾಗಿತ್ತು ಎಂದರೆ ತಪ್ಪಾಗದು. ಈಗ ಅದು ಒಡೆದು ಜಿಲ್ಲೆಗೆ ಚಿಮುಲ್ ಎಂಬ ತನ್ನದೇ ಒಕ್ಕೂಟ ಬಂದಿದೆ. ಮನೆ ನಡೆಸುವುದು ಹಸುವಾದ್ದರಿಂದಲೇ ಬರದಲ್ಲಿ ಇಲ್ಲಿನ ಮೊದಲ ಕೂಗು ಅನ್ನಕ್ಕಲ್ಲ, ಮೇವಿಗೆ. ಮೇವು ಬ್ಯಾಂಕು, ಗೋಶಾಲೆ, ಜಿಲ್ಲೆಯಿಂದ ಹೊರಗೆ ಹುಲ್ಲು ಸಾಗಿಸದಂತೆ ನಿಷೇಧ, ನೀರಿರುವ ರೈತರಿಗೆ ಮೇವಿನ ಬೀಜದ ಕಿರುಪೊಟ್ಟಣ, ಇವು ಪ್ರತಿ ಬರದಲ್ಲೂ ಹೊರಡುವ ಆದೇಶಗಳು. ಆದರೂ ಸಂತೆಯಲ್ಲಿ ಸೀಮೆಹಸುವಿನ ಬೆಲೆ ಇಳಿಯುತ್ತಿದೆ ಎಂದರೆ ಆದೇಶ ಹಟ್ಟಿ ತಲುಪಿಲ್ಲ ಎಂದೇ ಲೆಕ್ಕ. ಹಸು ಮಾರಿದ ಮನೆ ಮತ್ತೆ ನೆಟ್ಟಗಾಗಲು ಒಂದು ಒಳ್ಳೆಯ ಮಳೆಗಾಲ ಸಾಲದು.

ರೈತ ಆತ್ಮಹತ್ಯೆ ಮಾಡಿಕೊಂಡ ಕುಟುಂಬಕ್ಕೆ 2015ರಿಂದ 5 ಲಕ್ಷ ರೂಪಾಯಿ ಮತ್ತು ವಿಧವೆಗೆ ಮಾಸಾಶನವಿದೆ. ಸಾಲ ಯಾರಿಂದ ಎಂಬುದರ ಮೇಲೆ ಅರ್ಹತೆ ನಿಂತಿದೆ. ಚೀಟಿ, ಬಡ್ಡಿಯಂಗಡಿ, ನೆಂಟರ ಕೈಗಡಕ್ಕೆ ದಾಖಲೆ ಎಲ್ಲಿಂದ ತರುವುದು?

ಗೂಡಿನ ಊರು

ಶಿಡ್ಲಘಟ್ಟದ ಸಂಕಷ್ಟಕ್ಕೆ ಬೇರೆಯದೇ ವೇಗ. ರಾಮನಗರದಂತೆಯೇ ಇದೂ ದೇಶದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದು. ಹಿಪ್ಪುನೇರಳೆ ಬೆಳೆಯುವ ರೈತ, ಚಾಕಿ ಕಟ್ಟುವವನು, ಗೂಡು ಕೊಳ್ಳುವ ರೀಲರ್, ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಎಳೆ ಹಿಡಿಯುವ ಹೆಣ್ಣುಮಗಳು, ಹುರಿ ಹಾಕುವವನು, ಎಲ್ಲರೂ ಒಂದೇ ಎಳೆಗೆ ಕಟ್ಟಿಕೊಂಡವರು. ಒಂದು ಬೆಳೆಗೆ ತಿಂಗಳಿಗೂ ಕಡಿಮೆ ದಿನ. ಹುಳು ಚಂದ್ರಿಕೆಗೆ ಏರಿ ಐದಾರು ದಿನಕ್ಕೆ ಗೂಡು ಬಿಡಿಸಬೇಕು, ಆಮೇಲೆ ಒಂದು ವಾರದೊಳಗೆ ಬಿಸಿಗೆ ಹಾಕದಿದ್ದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ತೆಗೆಯಲಾಗದು. ರಾಗಿಯಂತೆ ಹಗೇವಿಗೆ ಹಾಕಿ ಒಳ್ಳೆಯ ಬೆಲೆಗೆ ಕಾಯುವ ಸರಕಲ್ಲ ಇದು. ಬೆಳಗ್ಗೆ ಹರಾಜಿನಲ್ಲಿ ಬೆಲೆ ಬಿದ್ದರೆ ಬಿದ್ದ ಬೆಲೆಗೇ ಕೊಡಬೇಕು. ವಾಪಸು ಒಯ್ದರೆ ನಾಳೆ ಇನ್ನೂ ಕಡಿಮೆ.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿಯಿತು. ಚೀನಾ ರೇಷ್ಮೆ ಅಗ್ಗವಾಯಿತು, ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ನಡುವಿನ ಎರಡು ವರ್ಷದಲ್ಲಿ ಹಿಪ್ಪುನೇರಳೆ ಕಿತ್ತುಹಾಕಿದವರು ತಿರುಗಿ ನೆಟ್ಟರೋ ಇಲ್ಲವೋ ಯಾವ ವಿಪತ್ತು ನಿಧಿಯೂ ವಿಚಾರಿಸಲಿಲ್ಲ. ಬೆಲೆ ಕುಸಿತ ವಿಪತ್ತುಗಳ ಪಟ್ಟಿಯಲ್ಲಿಲ್ಲ. ಆಲಿಕಲ್ಲು ಇದೆ, ಚಳಿಗಾಳಿ ಇದೆ, ಕೀಟಬಾಧೆ ಇದೆ; ದೆಹಲಿಯ ಒಂದು ಅಧಿಸೂಚನೆ ಇಲ್ಲ.

ನೂಲು ಬಿಚ್ಚುವ ಮನೆಗಳಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳು, ಹೊಲವಿಲ್ಲದವರು. ಅವರ ಬ್ಯಾಂಕು ಎಂದರೆ ಕಿರುಸಾಲ ಸಂಸ್ಥೆ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರುಗಳಲ್ಲಿ ಒಂದೇ ಮಹಿಳೆಯ ಮೇಲೆ ಮೂರು ನಾಲ್ಕು ಸಂಸ್ಥೆಗಳ ಕಂತು ಬಿದ್ದು, ಸ್ಥಳೀಯ ಅಂಜುಮನ್ ಸಮಿತಿಗಳು ಮರುಪಾವತಿ ನಿಲ್ಲಿಸುವಂತೆ ಹೇಳಿದ್ದು ದೇಶದ ಗಮನ ಸೆಳೆಯಿತು. ಮರುವರ್ಷ ಆಂಧ್ರದಲ್ಲಿ ಎದ್ದ ದೊಡ್ಡ ಬಿಕ್ಕಟ್ಟಿನ ಮುನ್ಸೂಚನೆ ಅದು. ಹದಿನಾರು ವರ್ಷದ ಮೇಲೆ, 2025ರ ಫೆಬ್ರುವರಿಯಲ್ಲಿ, ವಸೂಲಿ ಕಿರುಕುಳ ತಡೆಯಲು ಕರ್ನಾಟಕ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಂಕಟದ ದಿನ ಒಂದು ಗಂಟೆಯಲ್ಲಿ ಹಣ ಕೊಡುವುದು ಈ ಕಿರುಸಾಲ ಸಂಸ್ಥೆಗಳೇ ಎಂಬುದನ್ನೂ ಹೇಳದೆ ಹೋದರೆ ಚಿತ್ರ ಪೂರ್ತಿಯಾಗದು.

ಮಳೆ, ಸ್ಫೋಟ, ಕಂಪನ

ಬರದ ಜಿಲ್ಲೆಗೆ 2021ರ ನವೆಂಬರ್ ಮಳೆ ತಲೆಕೆಳಗಾದ ಅನುಭವ. ಎಷ್ಟೋ ವರ್ಷ ತುಂಬದ ಕೆರೆಗಳು ಕೋಡಿ ಬಿದ್ದವು, ಕೊಯ್ಲಿಗೆ ನಿಂತಿದ್ದ ರಾಗಿ ತೆನೆಯಲ್ಲೇ ಮೊಳಕೆಯೊಡೆಯಿತು, ಹೂವಿನ ತೋಟಗಳಲ್ಲಿ ನೀರು ನಿಂತಿತು. ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕೇಂದ್ರದ ದರಕ್ಕೆ ರಾಜ್ಯದ ಪಾಲು ಸೇರಿಸಿ ಒಣಭೂಮಿಗೆ ಹೆಕ್ಟೇರಿಗೆ 13,600, ನೀರಾವರಿಗೆ 25,000, ತೋಟಗಾರಿಕೆಗೆ 28,000 ರೂಪಾಯಿ ಘೋಷಿಸಿದರು. ಪೂರ್ಣ ಬಿದ್ದ ಮನೆಗೆ 5 ಲಕ್ಷ. ಅದೇ ಹೆಕ್ಟೇರಿಗೆ ಎರಡು ವರ್ಷದ ಬಳಿಕ ಬರದಲ್ಲಿ 8,500 ಸಿಕ್ಕಿದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ, ಮೊತ್ತ ನಿರ್ಧಾರವಾಗುವುದು ನಷ್ಟದ ಮೇಲಲ್ಲ, ಆ ವರ್ಷದ ಖಜಾನೆ ಮತ್ತು ರಾಜಕೀಯದ ಮೇಲೆ ಎಂಬುದು ತಿಳಿಯುತ್ತದೆ.

ಅದೇ ವರ್ಷ ಫೆಬ್ರುವರಿಯಲ್ಲಿ ಪೆರೇಸಂದ್ರ ಬಳಿಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸ್ಫೋಟಕ್ಕೆ ಆರು ಮಂದಿ ಬಲಿಯಾದರು. ವರ್ಷದ ಕೊನೆಗೆ ರಿಕ್ಟರ್ ಮಾಪಕದಲ್ಲಿ 3ರ ಆಸುಪಾಸಿನ ಕಂಪನಗಳಾಗಿ ಕೆಲವು ಹಳ್ಳಿಗಳ ಜನ ಚಳಿಯಲ್ಲಿ ಮನೆಯ ಹೊರಗೆ ಮಲಗಿದರು.

ಕೋವಿಡ್ ಕಾಲ

ಜಿಲ್ಲೆಯ ಮೊದಲ ಪ್ರಕರಣಗಳು 2020ರ ಮಾರ್ಚಿನಲ್ಲಿ ಗೌರಿಬಿದನೂರಿನಲ್ಲಿ ಕಂಡವು. ಲಾಕ್‌ಡೌನ್ ಬಿದ್ದಾಗ ಬೆಂಗಳೂರಿಗೆ ಹೂವು, ಸೊಪ್ಪು, ದ್ರಾಕ್ಷಿ ಕಳಿಸಿ ಬದುಕುತ್ತಿದ್ದ ಹಳ್ಳಿಗಳು ಒಮ್ಮೆಲೇ ನಿಂತವು. ಮದುವೆಯಿಲ್ಲ, ಜಾತ್ರೆಯಿಲ್ಲ, ಹೂವು ಕೇಳುವವರಿಲ್ಲ. ಮೇ 6ರಂದು ರಾಜ್ಯ ಪ್ರಕಟಿಸಿದ 1,610 ಕೋಟಿಯ ಪ್ಯಾಕೇಜಿನಲ್ಲಿ ಹೂ ಬೆಳೆಗಾರರಿಗೆ ಒಂದು ಹೆಕ್ಟೇರಿನ ಮಿತಿಯಲ್ಲಿ 25,000 ರೂಪಾಯಿ, ಕ್ಷೌರಿಕರು, ಅಗಸರು, ಆಟೊ–ಟ್ಯಾಕ್ಸಿ ಚಾಲಕರಿಗೆ 5,000, ಕೈಮಗ್ಗ ನೇಕಾರರಿಗೆ 2,000 ಇತ್ತು. ಆ ತಿಂಗಳುಗಳ ಅತ್ಯಂತ ಜಾಣ ನೆರವು ಎಂದರೆ, ಈ ಲೇಖಕನ ಮಟ್ಟಿಗೆ, ಹಾಲಿನದು. ಹೋಟೆಲು ಮುಚ್ಚಿ ಉಳಿದ ಹಾಲನ್ನು ಸರ್ಕಾರ ಕೊಂಡು ಬಡವರಿಗೆ ಉಚಿತವಾಗಿ ಹಂಚಿತು. ಒಂದೇ ಲೀಟರು ಕೊಟ್ಟ ಮನೆಯನ್ನೂ ಕುಡಿದ ಮನೆಯನ್ನೂ ಕಾಯಿತು, ಪಹಣಿ ಕೇಳಲಿಲ್ಲ.

ದಾಸೋಹ, ಆಸ್ಪತ್ರೆ, ಸಂಘ

ಗುರುತು ಕೇಳದೆ ಬಡಿಸುವ ಪರಂಪರೆ ಸರ್ಕಾರಕ್ಕಿಂತ ಹಳೆಯದು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಯೋಗಿ ನಾರೇಯಣ ಯತೀಂದ್ರರ ಮಠದ ದಾಸೋಹಕ್ಕೆ ಕನ್ನಡ–ತೆಲುಗು ಸೀಮೆಗಳೆರಡರಿಂದಲೂ ಜನ ಬರುತ್ತಾರೆ. ಚಿಕ್ಕಬಳ್ಳಾಪುರ ಪಟ್ಟಣದ ಸಿಎಸ್‌ಐ ಆಸ್ಪತ್ರೆ ಲಂಡನ್ ಮಿಷನ್ನಿನ ಕಾಲದ್ದು. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯ ಸತ್ಯಸಾಯಿ ಸಂಸ್ಥೆಗಳು ಉಚಿತ ಚಿಕಿತ್ಸೆ ನೀಡುತ್ತವೆ. ಅಲ್ಲಿನ ಅನ್ನಪೂರ್ಣ ಟ್ರಸ್ಟಿನ ಸಹಯೋಗದಲ್ಲಿ 2024ರ ಫೆಬ್ರುವರಿಯಿಂದ ರಾಜ್ಯದ ಶಾಲೆಗಳಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡಲಾಗುತ್ತಿದೆ.

ಸಂಘಟನೆಯ ದಾರಿ ಹಿಡಿದದ್ದು ಬಾಗೇಪಲ್ಲಿಯ ಅಡಾಟ್ಸ್ ಸಂಸ್ಥೆ. 1977ರ ಕೊನೆಯಲ್ಲಿ ಆರಂಭವಾಗಿ ಕೂಲಿ ಸಂಘಗಳನ್ನು ಕಟ್ಟಿ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ತಾಲ್ಲೂಕುಗಳಿಗೂ ಹಬ್ಬಿತು. ಸದಸ್ಯರು ತಮ್ಮ ವರಮಾನದಲ್ಲಿ ಸಂಘಕ್ಕೆ ತೆರಿಗೆ ಕಟ್ಟುವ ಪದ್ಧತಿ ಇಟ್ಟುಕೊಂಡರು. ಹೊರದೇಶದ ದೇಣಿಗೆ ಎಂದಾದರೂ ನಿಲ್ಲುತ್ತದೆ ಎಂಬ ಎಚ್ಚರ ಅವರಿಗೆ ಬೇಗ ಬಂದಿತ್ತು. ಮನೆಗೊಂದು ಗೋಬರ್ ಗ್ಯಾಸ್ ಕಟ್ಟಿ, ಉಳಿತಾಯವಾದ ಸೌದೆ–ಸೀಮೆಎಣ್ಣೆಯ ಹೊಗೆಯ ಲೆಕ್ಕವನ್ನು ಇಂಗಾಲದ ಮಾರುಕಟ್ಟೆಯಲ್ಲಿ ಮಾರುವ 5,500 ಘಟಕಗಳ ಯೋಜನೆ 2005ರಲ್ಲಿ ವಿಶ್ವಸಂಸ್ಥೆಯ ಹವಾಮಾನ ವ್ಯವಸ್ಥೆಯಡಿ ನೋಂದಣಿಯಾಯಿತು. ಕೂಲಿಯವಳ ಒಲೆಯ ಹೊಗೆ ಯುರೋಪಿನಲ್ಲಿ ಸರಕಾದ ಮೊದಮೊದಲ ಉದಾಹರಣೆಗಳಲ್ಲಿ ಇದೊಂದು.

ಕಡಿತ

1970–80ರ ದಶಕದಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಕೇರ್ ಸಂಸ್ಥೆಯ ಉಪ್ಪಿಟ್ಟಿನ ವಾಸನೆ ನೆನಪಿರುತ್ತದೆ. ಅಮೆರಿಕದಿಂದ ಬಂದ ಹಳದಿ ಬಣ್ಣದ ರವೆ, ಚೀಲದ ಮೇಲೆ ಕೈಕುಲುಕುವ ಚಿತ್ರ, ತಟ್ಟೆ ಮರೆತವರಿಗೆ ಮುತ್ತುಗದೆಲೆ. ಆ ಚೀಲಗಳು ನಿಂತವು. 2002–03ರಲ್ಲಿ ಅಕ್ಷರ ದಾಸೋಹ ಬರುವವರೆಗೆ ಬಿಸಿಯೂಟ ಎಂಬ ಹಕ್ಕು ಇರಲಿಲ್ಲ. ಹೊರಗಿನ ನೆರವು ಹೋದಮೇಲೆ ರಾಜ್ಯ ವಹಿಸಿಕೊಂಡ ಒಳ್ಳೆಯ ಉದಾಹರಣೆ ಇದು, ಎಲ್ಲವೂ ಹೀಗಾಗಲಿಲ್ಲ.

2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಂದ ತಿದ್ದುಪಡಿ ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ಹಂಚುವುದನ್ನು ನಿಷೇಧಿಸಿತು, ಆಡಳಿತ ವೆಚ್ಚವನ್ನು ಶೇ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಗಳ ಕೈಕೆಳಗೆ ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುತ್ತಿದ್ದ ಸಣ್ಣ ಗುಂಪುಗಳಿಗೆ ಇದರ ಪೆಟ್ಟು ನೇರ. ಗೌರಿಬಿದನೂರಿನ ಗಡಿಯಾಚೆ ಅನಂತಪುರ ಸೀಮೆಯಲ್ಲಿ ವಿಸೆಂತೆ ಫೆರೆರ್ 1969ರಲ್ಲಿ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿನ ಪರವಾನಗಿ ನವೀಕರಣ 2025ರಲ್ಲಿ ಸಿಕ್ಕಿಹಾಕಿಕೊಂಡಾಗ ಊರೂರುಗಳಲ್ಲಿ ಜನ ಬೀದಿಗಿಳಿದರು. ಅದೇ ವರ್ಷ ಅಮೆರಿಕ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿತು. ಜೂನ್‌ನಲ್ಲಿ ವಿಶ್ವಸಂಸ್ಥೆ ತನ್ನ 4,400 ಕೋಟಿ ಡಾಲರಿನ ಮನವಿಯನ್ನು 2,900 ಕೋಟಿಗೆ ಇಳಿಸಿ, 11.4 ಕೋಟಿ ಜನರನ್ನು ಮಾತ್ರ ಮೊದಲು ತಲುಪುತ್ತೇವೆ ಎಂದಿತು. ಸುಡಾನಿನ ಶಿಬಿರದಲ್ಲಿ ಪಡಿ ಕಡಿಮೆಯಾಗುವುದಕ್ಕೂ ಚಿಂತಾಮಣಿಯ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುವುದಕ್ಕೂ ತೂಕ ಒಂದೇ ಅಲ್ಲ. ಕಡಿತ ಬಂದಾಗ ಮೊದಲು ಜರಡಿಯಾಗುವುದು ಯಾರು ಅರ್ಹರು ಎಂಬ ಪಟ್ಟಿ ಎನ್ನುವುದು ಎರಡೂ ಕಡೆ ನಿಜ.

ಜಿಲ್ಲೆಯ ಮಟ್ಟಿಗೆ ಹೆಚ್ಚು ತಟ್ಟುವುದು ಒಳಗಿನ ಹಣಕಾಸು. ಹದಿನೈದನೆಯ ಹಣಕಾಸು ಆಯೋಗದಿಂದ ಕರ್ನಾಟಕದ ತೆರಿಗೆ ಪಾಲು ಶೇ 4.71ರಿಂದ 3.65ಕ್ಕೆ ಇಳಿಯಿತು. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ದಾಸ್ತಾನು ಸಿಗದೆ ರಾಜ್ಯ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅಕ್ಕಿ ಬಂತು. ನಡುವೆ ಮನೆಯ ಹೆಂಗಸರು ಕಾಸಿಗಿಂತ ಅಕ್ಕಿಯೇ ವಾಸಿ ಎಂದದ್ದು ಅರ್ಥವಾಗುವ ಮಾತು. ಕಾಸು ಗಂಡಸರ ಕಣ್ಣಿಗೂ ಬೀಳುತ್ತದೆ.

ಉದ್ಯೋಗ ಖಾತರಿ 2008ರಲ್ಲಿ ಈ ಜಿಲ್ಲೆಗೆ ಬಂತು. ಕೃಷಿಹೊಂಡ, ಚೆಕ್‌ಡ್ಯಾಂ, ಕಲ್ಯಾಣಿಗಳ ಹೂಳೆತ್ತುವ ಕೆಲಸದಲ್ಲಿ ಚಿಕ್ಕಬಳ್ಳಾಪುರಕ್ಕೆ ಒಳ್ಳೆಯ ಹೆಸರಿತ್ತು. 2025–26ರ ದಿನಗೂಲಿ 370 ರೂಪಾಯಿ. ಬರ ಘೋಷಿತ ಕಡೆ ನೂರು ದಿನವನ್ನು ನೂರೈವತ್ತಕ್ಕೆ ಏರಿಸುವ ಅವಕಾಶವಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆ ತಂದಿತು. ದಿನಗಳು 125, ಆದರೆ ವೆಚ್ಚದ ಶೇ 40 ರಾಜ್ಯದ್ದು, ಬಿತ್ತನೆ–ಕೊಯ್ಲಿನ ಕಾಲದಲ್ಲಿ ಅರವತ್ತು ದಿನದವರೆಗೆ ಕೆಲಸಕ್ಕೆ ವಿರಾಮ. ಮಳೆಯಿಲ್ಲದೆ ಬಿತ್ತನೆಯೇ ಆಗದ ವರ್ಷ ಆ ವಿರಾಮದ ದಿನಗಳಲ್ಲಿ ಕೂಲಿಯವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಒಣಸೀಮೆಯಲ್ಲಿ ಬೇಗ ಏಳುತ್ತದೆ. ಸದ್ಯಕ್ಕೆ ಉತ್ತರ ಬೆಳಗಿನ ರೈಲು, ಬಸ್ಸುಗಳಲ್ಲಿದೆ. ಗೌರಿಬಿದನೂರು, ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೂ, ದಾರಿಯ ಗಾರ್ಮೆಂಟ್ಸ್‌ಗೂ.

ನೀರು

ಪರಿಹಾರಕ್ಕಿಂತ ನೀರು ಕೊಡಿ ಎಂಬುದು ಶಾಶ್ವತ ನೀರಾವರಿ ಹೋರಾಟ ಸಮಿತಿಯ ಬಹುಕಾಲದ ಬೇಡಿಕೆ. ಆರ್. ಆಂಜನೇಯ ರೆಡ್ಡಿ ಅದರ ಮುಂದಾಳು. ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯ ಅವರ ವರದಿಯನ್ನು ಹಿಡಿದು ದಶಕಗಳ ಕಾಲ ಧರಣಿಗಳು ನಡೆದವು. 2016ರ ಮಾರ್ಚಿನಲ್ಲಿ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟ ರೈತರ ಮೇಲೆ ಲಾಠಿ ಬಿತ್ತು. 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ಗುರಿ 24 ಟಿಎಂಸಿ. ಅದರ ಅಂದಾಜು 8,323 ಕೋಟಿಯಿಂದ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಮೊದಲ ಹಂತದ ಪಂಪು ತಿರುಗಿತು.

ಅದಕ್ಕೂ ಮೊದಲೇ ಬಂದದ್ದು ಬೆಂಗಳೂರಿನ ಬಳಸಿದ ನೀರು. ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ 2018ರಿಂದ ಕೋಲಾರಕ್ಕೂ ಚಿಂತಾಮಣಿಯ ಕೆಲವು ಕೆರೆಗಳಿಗೂ, ಹೆಬ್ಬಾಳ–ನಾಗವಾರ ಕಣಿವೆಯಿಂದ ಕಂದವಾರ ಕೆರೆ ಸೇರಿ ಚಿಕ್ಕಬಳ್ಳಾಪುರದ ಕೆರೆಗಳಿಗೂ. ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಇದು. ಮೂರನೆಯ ಹಂತವೂ ಆಗಬೇಕೆಂಬ ಒತ್ತಾಯ ನಿಂತಿಲ್ಲ. ಕೆರೆ ತುಂಬಿದ ಊರಲ್ಲಿ ಬತ್ತಿದ ಬೋರು ಮತ್ತೆ ಎದ್ದದ್ದೂ ನಿಜ, ಆ ನೀರನ್ನು ಕುಡಿಯಲು ಯಾರೂ ಮುಂದಾಗದಿರುವುದೂ ನಿಜ. ಆಳದ ಕೊಳವೆಬಾವಿಯಲ್ಲಿ ಫ್ಲೋರೈಡ್, ಮೇಲಿನ ಕೆರೆಯಲ್ಲಿ ನಗರದ ನೀರು. ಕುಡಿಯುವುದಕ್ಕೆ ಊರ ನಡುವಿನ ಶುದ್ಧ ನೀರಿನ ಘಟಕ: ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಘಟಕ ಕೆಟ್ಟ ದಿನ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಪಕ್ಕದ ಊರಿಗೆ ಹೋಗುತ್ತಾರೆ. ಬೈಕಿಲ್ಲದ ಮನೆಯ ಮುದುಕಿ ಕ್ಯಾನನ್ನು ಸರದಿಯಲ್ಲಿಟ್ಟು, ಮೆಕ್ಯಾನಿಕ್ ಬರುತ್ತಾನಂತೆ ಎಂದು ಘಟಕದ ನೆರಳಲ್ಲೇ ಕೂತಿರುತ್ತಾಳೆ.